ಒಲೆಯ ಮೇಲೆ ಬೆಳ್ಳುಳ್ಳಿ ತೋರಣ

ಮಾಟುಂಗದ ಆ ಎರಡು ಕೋಣೆಯ ಮನೆಯಲ್ಲಿ ವಿಮಲಾಗೆ ತನ್ನದು ಅನ್ನುವ ಮೂಲೆಯೇ ಇರಲಿಲ್ಲ. ಅಡುಗೆಮನೆ ಮಡಿಯ ಅತ್ತೆಯದು, ಹೊರಕೋಣೆ ಗಂಡ ಸತ್ಯಮೂರ್ತಿಯದು. ಅವಳದಾಗಿ ಇದ್ದದ್ದು ಫೋರ್ಟಿನ ಆಫೀಸಿನ ಟೈಪ್‌ರೈಟರ್ ಒಂದೇ. ಎಳೆಮಗುವನ್ನು ಅತ್ತೆಗೆ ಬಿಟ್ಟು ಲೋಕಲ್ ರೈಲು ಹತ್ತುತ್ತಿದ್ದಳು. ಮಗು ಬಿತ್ತೋ, ಏನಾದರೂ ನುಂಗಿತೋ ಎಂದು ದಾರಿಯುದ್ದಕ್ಕೂ ಜೀವ ಕೈಯಲ್ಲಿ. ಟೈಪಿಂಗ್ ಶುರುವಾದ ಮೇಲೆಯೇ ಉಸಿರು.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ, ಫುಟ್‌ಪಾತಿನಲ್ಲಿ ಕೊಂಡ ಹಳೆಯ ವಿದೇಶಿ ಪತ್ರಿಕೆಯೊಂದರಲ್ಲಿ ಫ್ರಾನ್ಸಿನ ಹಳ್ಳಿಯ ಅಡುಗೆಮನೆ ಅವಳ ಕಣ್ಣಿಗೆ ಬಿತ್ತು. ಬಿಳಿ ಗೋಡೆ, ನೀಲಿ ಚೌಕಳಿಯ ಪರದೆ, ತೂಗುಹಾಕಿದ ತಾಮ್ರದ ಪಾತ್ರೆಗಳು, ಒಲೆಯ ಮೇಲೆ ಜಡೆಯಂತೆ ಹೆಣೆದ ಬೆಳ್ಳುಳ್ಳಿ. ಅತ್ತೆ ಜೋಗೇಶ್ವರಿಯಲ್ಲಿದ್ದ ತಮ್ಮ ಹಿರಿಮಗ ಶಾಮಣ್ಣನ ಮನೆಗೆ ಹೋದ ವಾರ ವಿಮಲಾ ರಜೆ ಹಾಕಿ, ಸುಣ್ಣ ಬಳಿದು, ಪರದೆ ಹೊಲಿದು, ಚಿತ್ರದಲ್ಲಿದ್ದ ಹಾಗೆಯೇ ಎಲ್ಲವನ್ನೂ ಮಾಡಿದಳು. ಬೆಳ್ಳುಳ್ಳಿಯನ್ನೂ ಬಿಡಲಿಲ್ಲ.

ಅತ್ತೆ ಬಂದವರು ಅಡುಗೆಮನೆಯ ಹೊಸ್ತಿಲಲ್ಲೇ ನಿಂತರು.

"ಬಾಗಿಲಿಗೆ ಮಾವಿನ ತೋರಣ ಕಟ್ಟೋದು ಕಂಡಿದೀನಿ. ಒಲೆಗೆ ಬೆಳ್ಳುಳ್ಳಿ ತೋರಣ ಇವತ್ತೇ ಕಂಡಿದ್ದು."

"ತಿನ್ನೋಕಲ್ಲ ಅತ್ತೆ, ಬರೀ ನೋಡೋಕೆ."

"ನೋಡೋಕೆ ಅಂತ ನಾಳೆ ಮೀನೂ ನೇತುಹಾಕ್ತೀಯಾ?"

ಆಗಲೇ ಬಿಚ್ಚಿದ್ದರೆ ಮುಗಿಯುತ್ತಿತ್ತು. ಆದರೆ ವಿಮಲಾಳ ಬಾಯಿಂದ ಬೇರೆಯದೇ ಬಂತು: "ಈ ಮನೇಲಿ ನನಗೂ ಅಂತ ಒಂದು ಗೋಡೆ ಬೇಡವಾ?"

"ಒಂದ್ಯಾಕೆ? ನಾಲ್ಕೂ ತಗೋ."

ಅತ್ತೆ ಅಡುಗೆಮನೆಗೆ ಕಾಲಿಡಲಿಲ್ಲ. ಬಾಳೆಹಣ್ಣು ತಿಂದು, ನೀರು ಕುಡಿದು ಕೂತರು. ಹೆದರಿದ ವಿಮಲಾ ಬೆಳ್ಳುಳ್ಳಿ ಕಿತ್ತು ಬಿಸಾಡಿದಳು, ನೆಲ, ಗೋಡೆ, ಪಾತ್ರೆ ಎಲ್ಲ ತೊಳೆದಳು, ಕಾಲಿಗೂ ಬಿದ್ದಳು.

"ವಾಸನೆ ಹೋಗುತ್ತೆ ಕಣಮ್ಮ. ಆಡಿದ ಮಾತು ಹೋಗಲ್ಲ," ಎಂದು ಅತ್ತೆ ಶಾಮಣ್ಣನನ್ನು ಕರೆಸಿಕೊಂಡು ಹೊರಟೇಹೋದರು.

ಮಗುವನ್ನು ನೋಡಿಕೊಳ್ಳಲು ಗೊತ್ತುಮಾಡಿದ ಆಯಾ ಅದರ ಹಾಲನ್ನು ತಾನೇ ಕುಡಿದು ಸಿಕ್ಕಿಬಿದ್ದಳು. ಇನ್ನೊಬ್ಬಳು ಸಿಗಲಿಲ್ಲ. ಮುಂದುವರಿಸಿದ ರಜೆಯೂ ಮುಗಿಯಿತು.

"ರೀ, ನೀವಾದ್ರೂ ಹೋಗಿ ಅತ್ತೇನ ಕರ್ಕೊಂಡು ಬನ್ನಿ."

"ಯಾವ ಮುಖ ಇಟ್ಕೊಂಡು ಹೋಗ್ಲಿ? ರಾಜೀನಾಮೆ ಕೊಟ್ಟುಬಿಡು," ಎಂದ ಸತ್ಯಮೂರ್ತಿ, ಪೇಪರಿನಿಂದ ಕಣ್ಣೆತ್ತದೆ. "ಗೋಡೆ ಬೇಕು ಅಂದೋಳು ನೀನೇ ತಾನೇ?"

ಕೊಟ್ಟಳು.

ಒಂದು ಮಧ್ಯಾಹ್ನ ಎದುರುಮನೆಯ ನೀಲಾಬಾಯಿ ಬಂದು ಬಾಯಿ ಬಿಟ್ಟುಕೊಂಡು ಸುತ್ತ ನೋಡಿದರು. "ಏನ್ ಚಂದ ಮಾಡೀರಿ ಕಿಚನ್ನು! ದಿನಾಪೂರ್ತಿ ಇಲ್ಲೇ ಇರಬೇಕು ಅನಸ್ತದ ನೋಡ್ರಿ."

ವಿಮಲಾ ಕಂಕುಳಿನ ಮಗುವನ್ನು ಇನ್ನೊಂದು ಬದಿಗೆ ಬದಲಿಸಿಕೊಂಡು, ಉಕ್ಕುತ್ತಿದ್ದ ಹಾಲಿನ ಉರಿ ತಗ್ಗಿಸಿದಳು.

"ಇಲ್ಲೇ ಇದೀನಲ್ರೀ."