ಬೀಡಿ ಜಗಲಿಯ ಕ್ಲಾಸು

ನೆನೆಸಿದ ಬೀಡಿ ಎಲೆಗೆ ಅದರದ್ದೇ ಒಂದು ವಾಸನೆ ಇದೆ. ಮೊನ್ನೆ ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಚೀಲದಿಂದ ಅದು ಮೂಗಿಗೆ ಬಡಿದದ್ದೇ ತಡ, ನಾನು ಶಿರ್ತಾಡಿಯ ಅಜ್ಜಿಮನೆಯ ಜಗಲಿಯಲ್ಲಿದ್ದೆ. ಆ ಜಗಲಿ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತು. ನಿಮ್ಮದೂ ಹೀಗೆ ರಸ್ತೆಯಡಿ ಸೇರಿದ ಒಂದು ಜಗಲಿ ಇದ್ದರೆ ನನ್ನ ಸಂಕಟ ನಿಮಗೆ ಬೇಗ ತಿಳಿಯುತ್ತದೆ. ಮಧ್ಯಾಹ್ನದ ಗಂಜಿ ಮುಗಿಸಿ ನೆರೆಮನೆಯ ಹೆಂಗಸರೆಲ್ಲ ಅಲ್ಲಿ ಕೂಡುತ್ತಿದ್ದರು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಅವರ ನಡುವೆ ನನ್ನ ಅಮ್ಮನ ಅಮ್ಮ, ಕಲ್ಯಾಣಿ. ಬೀಡಿ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ, ಬಾಯಲ್ಲಂತೂ ಕೇಳುವುದೇ ಬೇಡ.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಆ ಜಗಲಿಗೆ ಸಾಕ್ಷರತೆಯ ಕ್ಲಾಸು ಬಂತು. ಕಲಿಸಲು ಬಂದವಳು ಆಗಷ್ಟೇ ಪಿಯುಸಿ ಮುಗಿಸಿದ್ದ ಸುನಂದ, ಊರಿನ ಜೈನರ ಮನೆಯ ಹುಡುಗಿ. ಜಗಲಿಯ ಹೆಂಗಸರ ಬಾಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. ಅದರ ಮೇಲೆ ಕೈಗೆ ಬಿಡುವಿಲ್ಲ; ಸಂಜೆಯೊಳಗೆ ಕಟ್ಟಿದ ಬೀಡಿ ಕಂಪೆನಿಯ ಬ್ರಾಂಚಿಗೆ ಮುಟ್ಟಬೇಕು. ಸುನಂದ ಗೋಡೆಗೆ ಒರಗಿಸಿದ ಹಲಗೆಯಲ್ಲಿ ಬರೆದಳು. ಇವರು ಕೈಯಲ್ಲಿ ಬೀಡಿ ಸುತ್ತುತ್ತ ಬಾಯಲ್ಲಿ ಓದಿದರು. ಬರೆಯುವುದಕ್ಕೆ ಮಾತ್ರ ಸರದಿ ಮಾಡಿಕೊಂಡರು. ಒಬ್ಬಳು ಸ್ಲೇಟು ಹಿಡಿದಾಗ ಅವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಯಾರೂ ಹೇಳಿಕೊಟ್ಟ ಉಪಾಯವಲ್ಲ ಅದು. ಇವತ್ತಿಗೂ ನೆನೆದರೆ ನನಗೆ ಎದೆಯುಬ್ಬುತ್ತದೆ.

ಓದಿನಲ್ಲಿ ಅಜ್ಜಿ ಎಲ್ಲರಿಗಿಂತ ಮುಂದೆ. ಬರೆಯಲು ಕೂತರೆ ಮಾತ್ರ ಫಜೀತಿ. ಸ್ಲೇಟಿನ ಕಡ್ಡಿ ಕೈಗೆ ಬಂದದ್ದೇ ಬೆರಳುಗಳು ಅದನ್ನು ಬೀಡಿಯ ಹಾಗೆ ಸುತ್ತಲು ಶುರುಮಾಡುತ್ತಿದ್ದವು. ಉಗುರು ಹೋಗಿ ಅದರ ತುದಿ ಮಡಚಲು ನೋಡುತ್ತಿತ್ತು. ಜಗಲಿಯಿಡೀ ನಗು.

"ಕಲ್ಯಾಣಕ್ಕ, ನೂಲು ಬೇಕಾ ಕಟ್ಟಲಿಕ್ಕೆ?"

"ನಗಿ ನಗಿ, ನಿಮಗೆ ಹಲ್ಲಾದರೂ ಉಂಟಲ್ಲ" ಎಂದು ಅಜ್ಜಿಯೂ ನಗುತ್ತಿದ್ದಳು.

ಅಷ್ಟರಲ್ಲಿ ಸುನಂದಳಿಗೆ ಬೆಳ್ತಂಗಡಿಯ ಕಡೆ ಮದುವೆ ನಿಶ್ಚಯವಾಯಿತು. ಬದಲಿಗೆ ಬರುವವರು ಯಾರೂ ಇಲ್ಲ, ಕ್ಲಾಸು ನಿಲ್ಲುತ್ತದೆ ಎಂದಾಯಿತು. ಪಕ್ಕದ ಮನೆಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ಬೇಬಿ ಆಗಷ್ಟೇ ಅಕ್ಷರ ಕೂಡಿಸತೊಡಗಿದ್ದಳು, ಅವಳು ಅತ್ತೇಬಿಟ್ಟಳು.

"ನೀವು ನಡೆಸಿ ಕಲ್ಯಾಣಕ್ಕ. ನಿಮಗೆ ಓದಲಿಕ್ಕೆ ಬರ್ತದಲ್ಲ" ಎಂದಳು ಸುನಂದ.

"ಹಲಗೆಯಲ್ಲಿ ಬರೆಯುವುದು ಯಾರು, ನಿನ್ನ ಗಂಡನಾ?"

ಹಾಗೆಂದ ಅಜ್ಜಿ ಮರುದಿನ ಗೆರಸೆ ಬದಿಗಿಟ್ಟು, ಬೀಡಿಯ ನೂಲಿನಿಂದಲೇ ಕಡ್ಡಿಯನ್ನು ಬೆರಳಿಗೆ ಬಿಗಿದುಕೊಂಡಳು. "ಇನ್ನು ಹೇಗೆ ತಿರುಗ್ತದೆ, ನೋಡುವ" ಎಂದಳು. ಮದುವೆಯ ದಿನ ಬರುವ ತನಕ ಅವಳು ಬರೆದಳು, ಅವಳ ಪಾಲಿನ ಬೀಡಿಯನ್ನು ಬೇಬಿ ಕಟ್ಟಿದಳು. ಸುನಂದ ಹೋದ ಮೇಲೆ ಅಜ್ಜಿಯೇ ಹಲಗೆಯ ಮುಂದೆ ನಿಂತಳು. ಬೆರಳಲ್ಲಿ ಈಗ ನೂಲು ಇರಲಿಲ್ಲ. ಅಕ್ಷರ ಸೊಟ್ಟ, ಸಾಲು ಇಳಿಜಾರು. ಎಲ್ಲರೂ ಗಟ್ಟಿಯಾಗಿ ಓದಿದರು. ನಮ್ಮ ಶಾಲೆಯ ಹೆಡ್‌ಮಾಸ್ಟರರಿಗಿಂತ ನನ್ನ ಅಜ್ಜಿ ದೊಡ್ಡವಳೆಂದು ನಾನು ಅಂದೇ ತೀರ್ಮಾನಿಸಿದೆ. ಈಗಲೂ ಆ ತೀರ್ಪು ಬದಲಿಸಿಲ್ಲ.

ಕ್ಲಾಸು ಬಹಳ ಕಾಲ ನಡೆಯಿತು. ಜಗಲಿಯವರಲ್ಲಿ ಹೆಚ್ಚಿನವರು ಈಗಿಲ್ಲ. ಕಳೆದ ವರ್ಷ ಅಜ್ಜಿಯೂ ಹೋದಳು. ಬಂಟ್ವಾಳದಲ್ಲಿರುವ ಮಾವ ಉತ್ತರಕ್ರಿಯೆಯ ಕಾಗದ ಅಚ್ಚು ಮಾಡಿಸಿ ತಂದರು. ಬೇಬಿಯಕ್ಕನ ಮನೆಗೆ ನಾನೇ ಕೊಂಡುಹೋದೆ. ಈಗ ತಲೆ ಪೂರ್ತಿ ನರೆತಿರುವ ಬೇಬಿಯಕ್ಕ ಕನ್ನಡಕ ಹಾಕಿಕೊಂಡು, ಮಕ್ಕಳು ಮೊಮ್ಮಕ್ಕಳ ಹೆಸರನ್ನೆಲ್ಲ ಬಿಡದೆ, ಗಟ್ಟಿಯಾಗಿ ಓದಿ ಮುಗಿಸಿದರು. ಆಮೇಲೆ ಮೊದಲಿನ ಸಾಲಿಗೆ ಹಿಂತಿರುಗಿ ಮುಖ ಸಿಂಡರಿಸಿದರು.

"ಇದೆಂಥದು ಮಾರಾಯ್ತಿ, ಹೆಸರು ಅರ್ಧವೇ ಹಾಕಿದ್ದೀರಲ್ಲ?"

ನನಗೆ ಏನೆಂದು ಅರ್ಥವಾಗಲಿಲ್ಲ. ಬೇಬಿಯಕ್ಕ ಒಳಗಿನಿಂದ ಪೆನ್ನು ತಂದು ಕೂತು, 'ಕಲ್ಯಾಣಿ' ಎಂದಿದ್ದುದರ ಪಕ್ಕದಲ್ಲಿ ನಿಧಾನವಾಗಿ ಬರೆದರು: ಟೀಚರ್.