ಹಯಗ್ರೀವರಾಯರು ನೀರು ಕೇಳಿದ ಬಗೆ

ದೊಡ್ಡನೆಕ್ಕುಂದಿಯ ವಿಮಾ ನೌಕರರ ಕಾಲನಿಯಲ್ಲಿ ಹಯಗ್ರೀವರಾಯರ ಮಾತಿಗೆ ಎದುರಿರಲಿಲ್ಲ. ಎದುರಾಡಲು ಅವರು ಬಿಡುವೇ ಕೊಡುತ್ತಿರಲಿಲ್ಲ. ಮೂವತ್ತು ವರ್ಷ ಏಜೆಂಟರಿಗೆ ಮಾತಿನ ತರಬೇತಿ ಕೊಟ್ಟು ನಿವೃತ್ತರಾದವರು. ಸಾವಿನ ಹೆಸರೆತ್ತದೆ ಸಾವಿನ ಭಯ ಹುಟ್ಟಿಸುವುದು ಹೇಗೆಂದು ಕಲಿಸಿದವರು.

೧೯೯೯ರ ಬೇಸಿಗೆಯಲ್ಲಿ ಅವರ ಬೀದಿಗೆ ನೀರು ಬರುವುದು ನಿಂತಿತು. ರಾಯರು ನೀರಿನ ಕಚೇರಿಗೆ ನಾಲ್ಕು ಅರ್ಜಿ ಬರೆದರು. ಮೊದಲನೆಯದರಲ್ಲಿ ಭಗೀರಥನಿದ್ದ, ನಾಲ್ಕನೆಯದರಲ್ಲಿ ಸಂವಿಧಾನವಿತ್ತು. ವಾಲ್ವ್ ತಿರುಗಿಸುವ ಅಂಬಣ್ಣನಿಗೆ ಮೇಲಿನವರಿಂದ ಬೈಗುಳ ಸಿಕ್ಕಿತು. ಬೀದಿಗೆ ನೀರು ಸಿಗಲಿಲ್ಲ.

ರಾಯರ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದವಳು ಯಾದಗಿರಿ ಕಡೆಯ ಜಟ್ಟೆಮ್ಮ, ಗಾರೆ ಕೆಲಸದವಳು. ಒಂದು ಮಧ್ಯಾಹ್ನ ಅಂಬಣ್ಣ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಾಗ ಅವಳು ಗೇಟಿಗೆ ಬಂದು, "ಅಣ್ಣಾರ, ಬಿಸಲಾಗ ದಣದು ಬಂದೀರಿ. ಒಂದ್ ತಂಬಗಿ ನೀರು ಕೊಡಬೇಕಂದ್ರ ಮನ್ಯಾಗ ಹನಿ ಇಲ್ರಿ. ಭಾಳ ನಾಚಿಕಿ ಆಗ್ತದ," ಅಂದಳು.

ಅಂಬಣ್ಣ ತಲೆಯಾಡಿಸಿ ಸೈಕಲ್ ತಳ್ಳಿಕೊಂಡು ಮುಂದೆ ಹೋದ. ಸಂಜೆ ಐದಕ್ಕೆ ಬೀದಿಯ ನಲ್ಲಿಗಳೆಲ್ಲ ಗೊರಗೊರ ಸದ್ದು ಮಾಡಿದವು.

ಕಿಟಕಿಯಿಂದ ಕೇಳಿಸಿಕೊಂಡಿದ್ದ ರಾಯರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಕೇಳಲೇ ಇಲ್ಲ, ಆದರೂ ಕೇಳಿದಂತಾಯಿತು. ಮುಂದಿನ ವಾರ ನೀರು ಮತ್ತೆ ನಿಂತಾಗ ಇಸ್ತ್ರಿ ಅಂಗಿ ತೊಟ್ಟು ಗೇಟಿನ ಬಳಿ ಕಾದರು.

"ಅಂಬಣ್ಣ, ನಿನಗೆ ಕುಡಿಯೋಕೆ ಕೊಡೋಣ ಅಂದ್ರೂ ಮನೇಲಿ ಹನಿ ನೀರಿಲ್ಲ. ನಾಚಿಕೆ ಆಗುತ್ತೆ ಕಣಪ್ಪ."

ಅಂಬಣ್ಣ ಸೈಕಲ್ ನಿಲ್ಲಿಸಿದ. "ನಾಚಿಕೆ ಯಾರಿಗಾಗ್ಬೇಕು ಸಾರ್, ನನಗಾ? ಇದನ್ನೂ ಬರ್ದು ಇನ್ನೊಂದು ಅರ್ಜಿ ಹಾಕಿ."

ನಾಲ್ಕು ದಿನ ನೀರು ಬರಲಿಲ್ಲ.

"ಅದೇ ಮಾತು ಕಣೇ, ಒಂದಕ್ಷರ ಬಿಟ್ಟಿಲ್ಲ," ಎಂದು ರಾಯರು ಹೆಂಡತಿ ಅಂಬುಜಾ ಮುಂದೆ ಅಲವತ್ತುಕೊಂಡರು.

"ಅವಳ ಬಾಯಲ್ಲಿ ಅದು ಉಪಚಾರ ರೀ, ನಿಮ್ಮ ಬಾಯಲ್ಲಿ ನೋಟೀಸು. ಇಷ್ಟು ವರ್ಷದಲ್ಲಿ ಅವನನ್ನ ಒಂದ್ಸಲನಾದ್ರೂ ಗೇಟೊಳಗೆ ಕರೆದಿದ್ದೀರಾ?"

ರಾಯರಿಗೆ ಚುರುಕ್ಕೆಂದಿತು. ಆದರೆ ತರಬೇತಿ ಕೊಟ್ಟು ಪಳಗಿದ ಜೀವ. ಕಲಿಯುವುದಕ್ಕಿಂತ ಕಲಿಸುವುದೇ ಅದಕ್ಕೆ ಸುಲಭ. ಭಾನುವಾರ ಕಾಲನಿ ಸಂಘದ ಸಭೆಯಲ್ಲಿ 'ಮಾತಿಗಿಂತ ಅದನ್ನು ಆಡುವವರು ಯಾರೆಂಬುದು ದೊಡ್ಡದು, ಆದ್ದರಿಂದ ಕಡಿಮೆ ಮಾತಾಡಿ' ಎಂಬ ವಿಷಯವಾಗಿ ಒಂದೂಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟರು.

ಆವತ್ತು ಬೆಳಿಗ್ಗೆ ಅಂಬುಜಾ ಅಂಬಣ್ಣನನ್ನು ಒಳಗೆ ಕರೆದು ಕೂರಿಸಿ ಉಪ್ಪಿಟ್ಟು ಕೊಟ್ಟಿದ್ದರು. ನೀರಿನ ಸುದ್ದಿ ಎತ್ತಿರಲಿಲ್ಲ. ಉಪನ್ಯಾಸ ಅರ್ಧಕ್ಕೆ ಬರುವಾಗ ಬೀದಿಗೆ ನೀರು ಬಂತು. ಸಭೆ ಒಬ್ಬೊಬ್ಬರಾಗಿ ಎದ್ದು ಕೊಡದ ಕಡೆಗೆ ಓಡಿತು. ಉಳಿದವನು ಮೈಕ್ ಬಾಡಿಗೆಗೆ ಕೊಟ್ಟಿದ್ದವನೊಬ್ಬನೇ. ಮೈಕ್ ಬಿಟ್ಟು ಅವನು ಹೋಗುವಂತಿರಲಿಲ್ಲ. ರಾಯರು ಉಳಿದರ್ಧವನ್ನು ಅವನಿಗೇ ಹೇಳಿ ಮುಗಿಸಿದರು.