ತಿರುಗಿ ಹೇಳಿಸುವ ಮನುಷ್ಯ
ವಿಮಾನಗಳಿಗೆ ಆಕಾಶದಲ್ಲಿ ದಾರಿ ಹೇಳುವ ಈ ಅಧಿಕಾರಿಗೆ, ತಾನು ಹೇಳಿದ್ದನ್ನು ಕೇಳಿದವರು ತಿರುಗಿ ಹೇಳದಿದ್ದರೆ ಸಮಾಧಾನವಿಲ್ಲ. ಪೈಲಟ್‌ಗಳಿಗೆ ಅದು ನಿಯಮ. ಮನೆಗೆ ಬಂದರೆ ಹಾಲಿನವನಿಗೂ ಬಿಡುಗಡೆಯಿಲ್ಲ. "ಉಪ್ಪು ಬಲಗಡೆಯಿಂದ ಬರ್ತಿದೆ ಅಪ್ಪಾ, ಇಳಿಸಲಾ?" ಎಂದು ಮಗಳು ಊಟದ ಹೊತ್ತಿಗೆ ಕಾಡುತ್ತಾಳೆ. ಹೆಂಡತಿ ಮಾತ್ರ, "ನಾನೇನು ಪೈಲಟ್ಟಾ?" ಎನ್ನುತ್ತಾಳೆ; ಅವನ ಮಾತನ್ನು ಒಂದು ದಿನವೂ ತಿರುಗಿ ಹೇಳಿದವಳಲ್ಲ. ಇಂಥವನು ಮೊನ್ನೆ ಮಧ್ಯಾಹ್ನದ ದಟ್ಟಣೆಯಲ್ಲಿ, ಒಂದು ವಿಮಾನ ಹಾರುತ್ತಿದ್ದ ಎತ್ತರಕ್ಕೇ ಇನ್ನೊಂದನ್ನು ಇಳಿಯಲು ಹೇಳಿಬಿಟ್ಟ. ಪೈಲಟ್ ಅದನ್ನು ಸರಿಯಾಗಿಯೇ ತಿರುಗಿ ಹೇಳಿದ. ತಪ್ಪಿದ್ದದ್ದು ಇವನ ಅಪ್ಪಣೆಯಲ್ಲಿ. ಕೊನೆ ಗಳಿಗೆಯಲ್ಲಿ ಇವನೇ ಕಂಡು, ಒಂದು ವಿಮಾನವನ್ನು ಪಕ್ಕಕ್ಕೆ ತಿರುಗಿಸಿದ. ಪ್ರಯಾಣಿಕರ ಚಹಾ ಕೂಡ ತುಳುಕಲಿಲ್ಲ. ಪಾಳಿ ಮುಗಿದ ಕೂಡಲೇ ತನ್ನ ತಪ್ಪಿನ ವರದಿ ತಾನೇ ಬರೆಯಲು ಕೂತ. "ಏನೂ ಆಗಿಲ್ಲವಲ್ಲ, ಬಿಡಯ್ಯ, ಕೆಲಸಕ್ಕೆ ಕುತ್ತು" ಎಂದರು ಮೇಲಧಿಕಾರಿ. ಇಂಥ 'ಬಿಡಯ್ಯ'ಗಳನ್ನೇ ಮೆಟ್ಟಿಲು ಮಾಡಿಕೊಂಡು ಮೇಲೇರಿದವರು ಯಾವ ಕಚೇರಿಯಲ್ಲಿಲ್ಲ? "ಆಗಿಲ್ಲ ಅಂತಾನೇ ನಾನು ಬರೀತಿದ್ದೀನಿ ಸಾರ್. ಆಗಿದ್ರೆ ಬೇರೆಯವರು ಬರೀತಿದ್ರು." ವರದಿ ಹೋಯಿತು, ವಿಮಾನಗಳಿಗೆ ದಾರಿ ಹೇಳುವ ಮೈಕು ಮೂರು ತಿಂಗಳ ಮಟ್ಟಿಗೆ ಕೈತಪ್ಪಿತು. ಮನೆಯಲ್ಲಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಹೆಂಡತಿ, ಯಾರೂ ಕೇಳದೆಯೇ, ಒಂದೊಂದೇ ಮಾತನ್ನು ತಿರುಗಿ ಹೇಳಿದಳು: "ಮೂರು ತಿಂಗಳು ಮೈಕಿಲ್ಲ. ತಪ್ಪು ಮುಚ್ಚಿಟ್ಟಿಲ್ಲ. ಸರೀನಾ?" "ಸರಿ" ಎಂದವನು ಅಂದು ಎರಡು ಸಲ ಬಡಿಸಿಕೊಂಡು ಉಂಡ.